ಮಿನಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಸೋತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರು, ಬನವಾಸಿ ಮತ್ತು ಮುಂಡಗೋಡ ಕಡೆಯ ಗದ್ದೆ ಬೇಸಾಯಗಾರರು, ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಎಲ್ಲವೂ ತೋಟದ ಕಿರುದಾರಿಯಲ್ಲಿ ಓಡಾಡುವ ಸಣ್ಣ ಟ್ರ್ಯಾಕ್ಟರ್‌ಗಳಿಗೆ, ಅಂದರೆ ಹೆಚ್ಚುಕಡಿಮೆ 15ರಿಂದ 30 ಎಚ್‌ಪಿ ಯಂತ್ರಗಳಿಗೆ ಸಂಬಂಧಿಸಿದವು. ಸಣ್ಣ ಹಿಡುವಳಿದಾರನಿಗೆ ಹೊಸ ಪಂಪಿನ ಖರ್ಚು ದೊಡ್ಡ ಹೊರೆ. ಆಯಿಲ್, ಅದನ್ನು ಸೋಸುವ ಜಾಳಿಗೆ, ಲಿವರ್ ಮೂರನ್ನೂ ನೋಡದೆ ಪಂಪಿಗೆ ಕೈ ಹಾಕಬಾರದು ಎಂಬುದು ನನ್ನ ಒತ್ತಾಯ. ಉತ್ತರಗಳೂ ಅದೇ ಕ್ರಮದಲ್ಲಿ ಸಾಗುತ್ತವೆ.

## ಮೊದಲು ನೋಡಬೇಕಾದದ್ದು

ಹೈಡ್ರಾಲಿಕ್ ವೀಕ್ ಆಗಿದೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

'ವೀಕ್' ಎಂಬ ಒಂದೇ ದೂರಿನೊಳಗೆ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ. ಭಾರವನ್ನು ಎತ್ತುತ್ತದೆ, ಆದರೆ ನಿಧಾನ. ಲಿಫ್ಟಿನ, ಅಂದರೆ ಹಿಂಬದಿಯಲ್ಲಿ ಸಲಕರಣೆ ಎತ್ತುವ ಭಾಗದ, ಬರಿಯ ತೋಳು ಸರಸರನೆ ಏಳುತ್ತದೆ, ಭಾರ ಹಾಕಿದರೆ ಅಲ್ಲಿಯೇ ನಿಲ್ಲುತ್ತದೆ. ಎತ್ತುವುದೂ ಸರಿ, ವೇಗವೂ ಸರಿ, ಆದರೆ ಎತ್ತಿದ್ದು ನಿಲ್ಲದೆ ಕೆಳಗಿಳಿಯುತ್ತದೆ. ಮೊದಲನೆಯದು ಆಯಿಲ್ ಸಾಕಷ್ಟು ಹರಿದು ಬರುತ್ತಿಲ್ಲ ಎನ್ನುತ್ತದೆ, ಎರಡನೆಯದು ಒತ್ತಡ ಕಟ್ಟುತ್ತಿಲ್ಲ ಎನ್ನುತ್ತದೆ, ಮೂರನೆಯದು ಆಯಿಲ್ ಒಳಗೇ ಸೋರುತ್ತಿದೆ ಎನ್ನುತ್ತದೆ. ನಿಮ್ಮದು ಯಾವುದು ಎಂದು ತೀರ್ಮಾನವಾದರೆ ಅರ್ಧ ಕೆಲಸ ಮುಗಿದಂತೆ. ಮೆಕ್ಯಾನಿಕ್ಕನ್ನು ಕರೆಯುವಾಗಲೂ ಇದನ್ನೇ ಹೇಳಿ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ಸಲಕರಣೆ ಜೋಡಿಸಿದಾಗ, ಶಬ್ದವಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ.

ಬಂದವರು ನೋಡಿದ ಕೂಡಲೇ 'ಪಂಪ್ ಹೋಗಿದೆ' ಅಂದರು. ನಂಬಬಹುದೇ?

ಪರೀಕ್ಷೆ ಮಾಡಿ ಹೇಳಿದ್ದರೆ ನಂಬಿ. ಬರಿಗಣ್ಣಿನಲ್ಲಿ ನೋಡಿ ಹೇಳಿದ್ದರೆ ಒಪ್ಪಬೇಡಿ.

ಇಲ್ಲಿ ಒಂದು ಮೂಲ ಸಂಗತಿ ತಿಳಿದಿರಬೇಕು. ಪಂಪ್ ಒತ್ತಡವನ್ನು ತಯಾರಿಸುವುದಿಲ್ಲ, ಆಯಿಲನ್ನು ದೂಡುತ್ತದೆ ಅಷ್ಟೆ. ದೂಡಿದ ಆಯಿಲಿಗೆ ಮುಂದೆ ಭಾರ ಅಡ್ಡ ಬಂದಾಗ ಒತ್ತಡ ಹುಟ್ಟುತ್ತದೆ. ಆ ಒತ್ತಡ ಮಿತಿ ಮೀರದಂತೆ ರಿಲೀಫ್ ವಾಲ್ವ್ ಕಾಯುತ್ತದೆ. ಹಾಗಾಗಿ ಲಿಫ್ಟ್ ಸೋಲಲು ಪಂಪಿಗೆ ಆಯಿಲ್ ಸಿಗದಿರುವುದು, ಸಿಕ್ಕಿದ ಆಯಿಲಿನಲ್ಲಿ ಗಾಳಿ ಸೇರಿರುವುದು, ರಿಲೀಫ್ ವಾಲ್ವ್ ಬೇಗ ತೆರೆದುಕೊಳ್ಳುವುದು, ಲಿವರ್ ಆಡಿಸಿದಂತೆ ಆಯಿಲನ್ನು ಬಿಡುವ ಕಂಟ್ರೋಲ್ ವಾಲ್ವ್ ಅಥವಾ ಸಿಲಿಂಡರಿನ ಸೀಲ್ ಸೋರುವುದು, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಪಂಪಿನ ಹಲ್ಲುಚಕ್ರಗಳ ಸವೆತ ಆ ಪಟ್ಟಿಯಲ್ಲಿ ಒಂದು ಮಾತ್ರ, ಅದೂ ಸಾಮಾನ್ಯವಾಗಿ ನಿಧಾನವಾಗಿ ಬರುವಂಥದ್ದು. ನಿನ್ನೆ ಸರಿಯಿದ್ದ ಲಿಫ್ಟ್ ಇಂದು ಬೆಳಿಗ್ಗೆ ಏಕಾಏಕಿ ನಿಂತಿದ್ದರೆ ಸವೆತಕ್ಕಿಂತ ಮೊದಲು ಆಯಿಲ್ ಮಟ್ಟ, ಗಾಳಿ, ಸಿಕ್ಕಿಹಾಕಿಕೊಂಡ ವಾಲ್ವ್, ಪಂಪನ್ನು ತಿರುಗಿಸುವ ಜೋಡಣೆ ಇವುಗಳನ್ನು ಅನುಮಾನಿಸಬೇಕು.

ಸಮತಟ್ಟಿನಲ್ಲಿ ಚೆನ್ನಾಗಿ ಎತ್ತುತ್ತದೆ. ತೋಟಕ್ಕೆ ಇಳಿಯುವ ದಾರಿಯಲ್ಲಿ ಮಾತ್ರ ಸೋಲುತ್ತದೆ, ಯಾಕೆ?

ಘಟ್ಟದ ಮೇಲಿನವರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೆಚ್ಚಿನ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸಿನ ಆಯಿಲೇ ಹೈಡ್ರಾಲಿಕ್ಕಿಗೂ ಹೋಗುತ್ತದೆ. ಟ್ರ್ಯಾಕ್ಟರ್ ಇಳಿಜಾರಿನಲ್ಲಿ ನಿಂತಾಗ ಆ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಮಟ್ಟ ಸ್ವಲ್ಪ ಕಡಿಮೆಯಿದ್ದರೂ ಪಂಪಿನ ಹೀರುಬಾಯಿ ಆಯಿಲಿನಿಂದ ಮೇಲೆದ್ದು ಗಾಳಿ ಎಳೆಯುತ್ತದೆ. ಲಿಫ್ಟ್ ನಡುಗುತ್ತದೆ, ಶಬ್ದ ಬರುತ್ತದೆ, ಸಮತಟ್ಟಿಗೆ ಬಂದೊಡನೆ ಸರಿಯಾಗುತ್ತದೆ.

ಅಳತೆ ಕಡ್ಡಿಯನ್ನು ಅಂಗಳದಂಥ ಸಮನೆಲದಲ್ಲಿ, ಲಿಫ್ಟನ್ನು ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಕೆಳಗಿನ ಗೆರೆಯ ಹತ್ತಿರವಿದ್ದರೆ 'ಇನ್ನೂ ಇದೆ' ಎಂದು ಬಿಡಬೇಡಿ. ಇಳಿಜಾರಿನಲ್ಲಿ ದುಡಿಯುವ ಯಂತ್ರದಲ್ಲಿ ಮಟ್ಟ ಮೇಲಿನ ಗೆರೆಗೆ ಇರಲಿ. ಅದಕ್ಕಿಂತ ಹೆಚ್ಚು ತುಂಬಿದರೂ ಗೇರುಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ.

ಗೊಬ್ಬರದ ಟ್ರಾಲಿ ಎತ್ತುವಾಗ ಅರ್ಧದಲ್ಲಿ ನಿಲ್ಲುತ್ತದೆ. ಟ್ರಾಲಿ ಸಿಲಿಂಡರ್ ದೋಷವೇ?

ಮೊದಲು ಲೆಕ್ಕ ಹಾಕಿ. 100 ಮಿ.ಮೀ. ಒಳವ್ಯಾಸ, ಒಂದು ಮೀಟರ್ ಉದ್ದ ಚಾಚುವ ಸಿಲಿಂಡರ್ ತುಂಬಲು ಸುಮಾರು 8 ಲೀಟರ್ ಆಯಿಲ್ ಬೇಕು. ಅದು ಟ್ರ್ಯಾಕ್ಟರಿನ ಹೊಟ್ಟೆಯಿಂದಲೇ ಹೋಗಬೇಕು. ಸಣ್ಣ ಟ್ರ್ಯಾಕ್ಟರಿನಿಂದ ಅಷ್ಟು ಹೊರಹೋದರೆ ಒಳಗೆ ಮಟ್ಟ ಬಿದ್ದು, ಪಂಪ್ ಗಾಳಿ ಎಳೆದು, ಟ್ರಾಲಿ ಅರ್ಧದಲ್ಲೇ ನಿಲ್ಲುತ್ತದೆ. ಹೊರಗಿನ ಸಿಲಿಂಡರಿಗೆ ಎಷ್ಟು ಲೀಟರ್ ಕೊಡಬಹುದು ಎಂಬುದನ್ನು ಕೈಪಿಡಿಯಲ್ಲಿ ನೋಡಿ ಟ್ರಾಲಿ ಆರಿಸಬೇಕು. ಕೊರತೆ ತುಂಬಲೆಂದು ಟ್ರಾಲಿ ಎತ್ತಿರುವಾಗ ಆಯಿಲ್ ಸುರಿದರೆ, ಇಳಿಸಿದಾಗ ಅಷ್ಟೂ ಹಿಂದಿರುಗಿ ಬಂದು ಮಿತಿಮೀರುತ್ತದೆ.

ಟ್ರಾಲಿ ಕಳಚಿದ ಮೇಲೆ ಲಿಫ್ಟ್ ಏಳುತ್ತಲೇ ಇಲ್ಲ, ಅಣ್ಣಾ. ನಿನ್ನೆಯವರೆಗೆ ಸರಿಯಿತ್ತು.

ಆಯಿಲನ್ನು ಟ್ರಾಲಿಯ ಕಡೆಗೆ ತಿರುಗಿಸುವ ಲಿವರ್ ಹಾಗೆಯೇ ಉಳಿದಿರುತ್ತದೆ ಅಥವಾ ಅರ್ಧಕ್ಕೆ ನಿಂತಿರುತ್ತದೆ. ಅದನ್ನು ಪೂರ್ತಿ ಲಿಫ್ಟಿನ ಕಡೆಗೆ ತನ್ನಿ. ಇದನ್ನು ನೋಡದೆ ಮೇಲಿನ ಕವರ್ ಬಿಚ್ಚಿಸಿಕೊಂಡವರಿದ್ದಾರೆ.

ಎಂಜಿನ್ ಆಯಿಲ್ ಉಳಿದಿದೆ. ಹೈಡ್ರಾಲಿಕ್ಕಿಗೆ ಅದನ್ನೇ ಹಾಕಿದರೆ ಏನಾಗುತ್ತದೆ?

ಹಾಕಬೇಡಿ. ಈಗಿನ ಬಹುತೇಕ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಒಂದೇ ಆಯಿಲ್ ಗೇರುಗಳನ್ನೂ ಲಿಫ್ಟನ್ನೂ ಆಯಿಲಿನಲ್ಲಿ ಮುಳುಗಿದ ಬ್ರೇಕುಗಳನ್ನೂ ನೋಡಿಕೊಳ್ಳಬೇಕು. ಅದಕ್ಕೆಂದೇ ತಯಾರಾದ ಯುಟಿಟಿಒ (ಯೂನಿವರ್ಸಲ್ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್) ವರ್ಗದ ಆಯಿಲ್ ಇದೆ. ಬೇರೆಯದನ್ನು ಹಾಕಿದರೆ ಬ್ರೇಕ್ ಕೀರಲಬಹುದು, ಜಗ್ಗಬಹುದು. ದಪ್ಪದ ಗೇರ್ ಆಯಿಲ್ ಹಾಕಿದರೆ ಚಳಿಗಾಲದ ಬೆಳಗಿನಲ್ಲಿ ಪಂಪಿಗೆ ಅದನ್ನು ಹೀರುವುದೇ ಕಷ್ಟ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಕೊಳ್ಳಿ.

ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ. ಓಡಿಸುತ್ತಾ ಇರಬಹುದೇ?

ನೀರು ಸೇರಿದೆ. ಓಡಿಸಬೇಡಿ. ನೀರು ಬೆರೆತ ಆಯಿಲ್ ಜಾರುಗುಣ ಕಳೆದುಕೊಳ್ಳುತ್ತದೆ, ಪಂಪಿನ ಒಳಮೈ, ವಾಲ್ವಿನ ನುಣುಪು ಭಾಗ, ಬೇರಿಂಗ್ ಎಲ್ಲಕ್ಕೂ ತುಕ್ಕು ಹತ್ತಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದು ಮಾಮೂಲಿ ಕಾಯಿಲೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ತಿಂಗಳುಗಟ್ಟಲೆ ಒಣಗದ ಗಾಳಿ. ಕೊಟ್ಟಿಗೆಯ ಬದಿಯಲ್ಲಿ ಸುಮ್ಮನೆ ನಿಂತ ಟ್ರ್ಯಾಕ್ಟರಿನೊಳಗೂ ತೇವ ಹನಿಗಟ್ಟುತ್ತದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಮಳೆನೀರು ನೇರವಾಗಿ ಒಳಗಿಳಿಯುತ್ತದೆ. ಗದ್ದೆಯಲ್ಲಿ ಕೆಸರು ಹೊಡೆಯುವಾಗ ಆಕ್ಸಲ್ ಮುಳುಗಿದರೆ ಸವೆದ ಸೀಲಿನಿಂದ ಕೆಸರುನೀರು ಸೇರುತ್ತದೆ. ಕೆಲಸ ಮುಗಿದ ಮೇಲೆ ಪ್ರೆಷರ್ ಪೈಪು ಹಿಡಿದು ಗಾಳಿಕಿಂಡಿಯ ಮೇಲೆ ನೀರು ಹೊಡೆದರೂ ಅದೇ ಗತಿ.

ಅನುಮಾನವಿದ್ದರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಿಡಿದು ಒಂದು ರಾತ್ರಿ ಇಡಿ. ಬಿಡಿ ನೀರು ಅಡಿಯಲ್ಲಿ ನಿಲ್ಲುತ್ತದೆ. ಪೂರ್ತಿ ಬೆರೆತುಹೋದ ನೀರು ಹಾಗೆ ಬೇರ್ಪಡುವುದಿಲ್ಲ. ಆಗ ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಿಸಿ ತಗಡಿನ ಮೇಲೆ ಒಂದೇ ಹನಿ ಬಿಡಿ. ಚಟಚಟ ಸದ್ದು ಬಂದರೆ ನೀರಿದೆ. ಆಯಿಲ್ ಬೆಚ್ಚಗಿದ್ದಾಗಲೇ ಪೂರ್ತಿ ಇಳಿಸಿ, ಜಾಳಿಗೆ ತೊಳೆದು, ಫಿಲ್ಟರ್ ಬದಲಿಸಿ, ಹೊಸದು ತುಂಬಬೇಕು. ಸ್ವಲ್ಪ ಓಡಿಸಿದ ಮೇಲೆ ಮತ್ತೆ ಮಸುಕಾದರೆ ಇನ್ನೊಮ್ಮೆ ಬದಲಿಸಬೇಕು. ನೀರು ಬಂದ ದಾರಿಯನ್ನು ಮುಚ್ಚದಿದ್ದರೆ ಈ ಖರ್ಚೆಲ್ಲ ಮುಂದಿನ ಮಳೆಗಾಲದಲ್ಲಿ ಮತ್ತೆ ಬರುತ್ತದೆ.

## ಶಬ್ದ, ಬಿಸಿ, ಭಾರ

ಲಿವರ್ ಎತ್ತಿದೊಡನೆ ವಿಚಿತ್ರ ಶಬ್ದ ಬರುತ್ತದೆ. ಶಬ್ದದಿಂದ ರೋಗ ಗುರುತಿಸಬಹುದೇ?

ಬಹಳ ಮಟ್ಟಿಗೆ ಗುರುತಿಸಬಹುದು. ಎಂಜಿನ್ ವೇಗ ಹೆಚ್ಚಿದಂತೆ ಏರುವ, ಒಂದೇ ಸಮನೆ ಕೊರೆಯುವ ಕೀರಲು ದನಿ ಬಂದು, ಆಯಿಲಿನಲ್ಲಿ ನೊರೆ ಇಲ್ಲದಿದ್ದರೆ, ಪಂಪಿಗೆ ಆಯಿಲ್ ಸಾಲುತ್ತಿಲ್ಲ. ಹೀರುವ ದಾರಿ ಕಟ್ಟಿದೆ. ಜಲ್ಲಿ ಅಲುಗಿದಂಥ ಒರಟು ಗಲಗಲ ಸದ್ದು, ಜೊತೆಗೆ ಅಳತೆ ಕಡ್ಡಿಯಲ್ಲಿ ನೊರೆ ಕಂಡರೆ ಗಾಳಿ ಸೇರುತ್ತಿದೆ. ಪಂಪಿಗೆ ಬರುವ ಹೀರುಪೈಪಿನ ಓ ರಿಂಗ್ (ರಬ್ಬರ್ ಬಳೆ) ಒಣಗಿ ಬಿರಿದಿದ್ದರೆ ಆಯಿಲ್ ಹೊರಗೆ ಒಂದು ಹನಿಯೂ ಸೋರದೆ ಗಾಳಿ ಮಾತ್ರ ಒಳಗೆ ಹೋಗುವುದುಂಟು. ಆ ಜೋಡಣೆಯ ಸುತ್ತ ದಪ್ಪವಾಗಿ ಗ್ರೀಸ್ ಮೆತ್ತಿ. ಶಬ್ದ ತಗ್ಗಿದರೆ ಕಳ್ಳ ಸಿಕ್ಕಿದ. ಲಿಫ್ಟ್ ತುತ್ತತುದಿಗೆ ಹೋದಾಗ ಮಾತ್ರ ಸುಯ್ಯೆನ್ನುವ ಸದ್ದು ಬಂದರೆ ಅದು ರಿಲೀಫ್ ವಾಲ್ವ್ ತೆರೆದ ಸದ್ದು. ಲಿವರಿನ ಮೇಲ್ತುದಿಯ ತಡೆ ಸರಿಹೊಂದಿಸಿದರೆ ನಿಲ್ಲುತ್ತದೆ.

ಫಿಲ್ಟರ್ ಹೊಸದು ಹಾಕಿಸಿದ್ದೇನೆ. ಆದರೂ ನಿಧಾನ. ಇನ್ನೇನು ಉಳಿದಿದೆ?

ಹೊರಗೆ ಕಾಣುವ ಫಿಲ್ಟರಿನ ಜೊತೆಗೆ, ಹಲವು ಮಾದರಿಗಳಲ್ಲಿ ಹೀರುಪೈಪಿನ ಬುಡದಲ್ಲಿ ತಂತಿಯ ಜಾಳಿಗೆಯೊಂದು ಇರುತ್ತದೆ. ಅದನ್ನು ವರ್ಷಗಳಿಂದ ಯಾರೂ ತೆಗೆದಿರುವುದಿಲ್ಲ. ಕ್ಲಚ್ ಮತ್ತು ಬ್ರೇಕಿನ ಪುಡಿ, ಸೀಲಿನ ಚೂರು, ಗ್ಯಾಸ್ಕೆಟ್ ಅಂಟಿಸಿದ ಪೇಸ್ಟಿನ ಎಳೆಗಳು ಅದಕ್ಕೆ ಅಂಟಿ ಕೂರುತ್ತವೆ. ಡೀಸೆಲಿನಲ್ಲಿ ತೊಳೆದು, ಒಳಗಿನಿಂದ ಹೊರಗೆ ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ಅದಕ್ಕೆ ಬಟ್ಟೆಯ ನೂಲು ಅಂಟಲು ಬಿಡಬೇಡಿ. ಸಿಕ್ಕ ಕಸವನ್ನು ಚೆಲ್ಲುವ ಮೊದಲು ಅದರಲ್ಲಿ ಅಯಸ್ಕಾಂತ ಆಡಿಸಿ. ಕಬ್ಬಿಣದ ಚೂರುಗಳು ಎದ್ದು ಬಂದರೆ ಗೇರ್ ಅಥವಾ ಬೇರಿಂಗ್ ನೋಡಬೇಕು. ಅಂಟದ ಬೆಳ್ಳಿಬಣ್ಣದ ಪುಡಿ ಅಲ್ಯೂಮಿನಿಯಂ ಆಗಿದ್ದರೆ ಪಂಪಿನ ಮೈ ತೇಯುತ್ತಿರಬಹುದು.

ಬೆಳಿಗ್ಗೆ ಎತ್ತುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೈಕೊಡುತ್ತದೆ. ಎಂಜಿನ್ ರೇಸ್ ಮಾಡಿದರೆ ಮತ್ತೆ ಏಳುತ್ತದೆ.

ಈ ವಿವರಣೆಯಲ್ಲಿಯೇ ಉತ್ತರವಿದೆ. ಬಿಸಿಯಾದ ಆಯಿಲ್ ತೆಳುವಾಗುತ್ತದೆ, ತೆಳು ಆಯಿಲ್ ಸವೆದ ಸಂದುಗಳಲ್ಲಿ ಸುಲಭವಾಗಿ ನುಸುಳುತ್ತದೆ. ಎಂಜಿನ್ ವೇಗ ಹೆಚ್ಚಿಸಿದಾಗ ಪಂಪ್ ಹೆಚ್ಚು ದೂಡಿ ಸೋರಿಕೆಯನ್ನು ಮೀರುತ್ತದೆ. ಹಾಗಾಗಿ ಸವೆದ ಪಂಪ್, ಪಿಸ್ಟನ್ ಸೀಲ್, ಕಂಟ್ರೋಲ್ ವಾಲ್ವ್ ಈ ಮೂರರಲ್ಲಿ ಒಂದು. ಯಾವುದೆಂದು ತಿಳಿಯಲು ಗೇಜ್ ಬೇಕು, ಮುಂದೆ ಬರೆದಿದ್ದೇನೆ. ಇದಕ್ಕೆ ತದ್ವಿರುದ್ಧವಾಗಿ ತಣ್ಣಗಿದ್ದಾಗ ಸೋತು, ಬಿಸಿಯಾದ ಮೇಲೆ ಸರಿಯಾದರೆ ಜಾಳಿಗೆ ಕಟ್ಟಿದೆ ಅಥವಾ ಆಯಿಲ್ ಅತಿ ದಪ್ಪವಾಗಿದೆ.

ಕಲ್ಟಿವೇಟರ್ ಆರಾಮಾಗಿ ಎತ್ತುತ್ತದೆ, ರೋಟವೇಟರ್ ಎತ್ತುವುದಿಲ್ಲ. ಹೈಡ್ರಾಲಿಕ್ ಹಾಳಾಗಿದೆಯೇ?

ಹಾಳಾಗಿರಲಿಕ್ಕಿಲ್ಲ. 24 ಎಚ್‌ಪಿ ಆಸುಪಾಸಿನ ಹಲವು ಮಿನಿ ಟ್ರ್ಯಾಕ್ಟರ್‌ಗಳ ಎತ್ತುವ ಸಾಮರ್ಥ್ಯ 750 ಕೆ.ಜಿ. ಎಂದು ಬರೆದಿರುತ್ತದೆ. ಅದು ಕೆಳಗಿನ ಲಿಂಕಿನ ತುದಿಯಲ್ಲಿ ಅಳೆದ ಲೆಕ್ಕ. ಸಲಕರಣೆಯ ಭಾರ ತುದಿಯಿಂದ ಹಿಂದಕ್ಕೆ ಚಾಚಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ರೋಟವೇಟರಿನ ತೂಕದ ಮೇಲೆ ನಮ್ಮ ಕಡೆಯ ಅಂಟುಮಣ್ಣು ಬೇರೆ ಹತ್ತಿಕೊಂಡಿರುತ್ತದೆ. ಅಲಗುಗಳ ನಡುವಿನ ಮಣ್ಣು ಕೆರೆದು ಮತ್ತೆ ನೋಡಿ. ಎತ್ತುವ ರಾಡ್ ಜೋಡಿಸಲು ಕೆಳಲಿಂಕಿನಲ್ಲಿ ಒಂದಕ್ಕಿಂತ ಹೆಚ್ಚು ತೂತುಗಳಿದ್ದರೆ ಹಿಂದಿನದಕ್ಕೆ, ಅಂದರೆ ಸಲಕರಣೆಗೆ ಹತ್ತಿರದ್ದಕ್ಕೆ ಹಾಕಿ: ಏರುವ ಎತ್ತರ ಕಡಿಮೆಯಾಗುತ್ತದೆ, ಬಲ ಹೆಚ್ಚುತ್ತದೆ.

ಉಳುವಾಗ ಸಲಕರಣೆ ತಾನಾಗಿಯೇ ಮೇಲೇಳುತ್ತದೆ. ಇದೂ ಹೈಡ್ರಾಲಿಕ್ ದೋಷವೇ?

ಡ್ರಾಫ್ಟ್ ಲಿವರನ್ನು ನೋಡಿ. ನೆಲ ಗಟ್ಟಿಯಾದಾಗ ಸಲಕರಣೆಯನ್ನು ಸ್ವಲ್ಪ ಎತ್ತುವುದೇ ಅದರ ಕೆಲಸ. ಜಂಬಿಟ್ಟಿಗೆಯ ನೆಲದಲ್ಲಿ ಗಟ್ಟಿ ಪದರಗಳು ಆಗಾಗ ಸಿಗುವುದರಿಂದ ಅದು ಪದೇ ಪದೇ ಎತ್ತುತ್ತದೆ. ಸಲಕರಣೆಯನ್ನು ಒಂದೇ ಎತ್ತರದಲ್ಲಿ ಹಿಡಿದಿಡುವ ಪೊಸಿಷನ್ ಲಿವರಿನಲ್ಲಿ ಕೆಲಸ ಮಾಡಿ ಹೋಲಿಸಿ.

ಎತ್ತಿದ ರೋಟವೇಟರ್ ರಾತ್ರಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬಂದಿರುತ್ತದೆ. ಎಲ್ಲಿ ಸೋರುತ್ತಿದೆ?

ರಾತ್ರಿಯೆಲ್ಲ ಎತ್ತಿ ನಿಲ್ಲಿಸುವುದೇ ತಪ್ಪು; ಇಳಿಸಿಯೇ ಎಂಜಿನ್ ನಿಲ್ಲಿಸಬೇಕು. ಇಷ್ಟು ದೀರ್ಘಕಾಲದಲ್ಲಿ ಇಳಿಯುವುದು ಅಂಥ ದೋಷವೂ ಅಲ್ಲ. ಕೆಲವೇ ನಿಮಿಷಗಳಲ್ಲಿ ಇಳಿದರೆ, ಅಥವಾ ಎಂಜಿನ್ ಓಡುತ್ತಿರುವಾಗ ಎತ್ತಿದ ಸಲಕರಣೆ ಇಳಿದು ಏರಿ, ಇಳಿದು ಏರಿ ತಲೆಯಾಡಿಸುತ್ತಿದ್ದರೆ ಒಳಸೋರಿಕೆ ಖಂಡಿತ.

ಇದಕ್ಕೆ ಏನೂ ಬಿಚ್ಚದೆ ಮಾಡುವ ಪರೀಕ್ಷೆಯಿದೆ. ಸೀಟಿನ ಕೆಳಗೆ ಲಿಫ್ಟ್ ಇಳಿಯುವ ವೇಗ ಹೊಂದಿಸುವ ತಿರುಪು ಇರುತ್ತದೆ. ಹಲವು ಮಾದರಿಗಳಲ್ಲಿ ಅದನ್ನು ಪೂರ್ತಿ ಮುಚ್ಚಿದರೆ ಸಿಲಿಂಡರಿಗೂ ಕಂಟ್ರೋಲ್ ವಾಲ್ವಿಗೂ ನಡುವಿನ ದಾರಿ ಕಟ್ಟುತ್ತದೆ. ಭಾರ ಎತ್ತಿ, ತಿರುಪು ಮುಚ್ಚಿ, ಎಂಜಿನ್ ನಿಲ್ಲಿಸಿ, ಎತ್ತರ ಗುರುತು ಮಾಡಿ. ಈಗ ಇಳಿಯುವುದು ನಿಂತರೆ ಕಂಟ್ರೋಲ್ ವಾಲ್ವಿನ ಕಡೆ ಸೋರಿಕೆ. ಆಗಲೂ ಇಳಿದರೆ ಸಿಲಿಂಡರಿನ ಪಿಸ್ಟನ್ ಸೀಲ್ ಅಥವಾ ಸಿಲಿಂಡರಿಗೇ ಜೋಡಿಸಿದ ಸೇಫ್ಟಿ ವಾಲ್ವ್. ಪರೀಕ್ಷೆಯ ಉದ್ದಕ್ಕೂ ಎತ್ತಿದ ಸಲಕರಣೆಯ ಕೆಳಗೆ ಕೈ, ಕಾಲು, ತಲೆ ಯಾವುದನ್ನೂ ಒಡ್ಡಬೇಡಿ.

ಹೋಸಿನಲ್ಲಿ ಎಲ್ಲೋ ಸಣ್ಣದಾಗಿ ಸೋರುತ್ತಿದೆ. ಕೈಯಾಡಿಸಿ ಹುಡುಕಬಹುದೇ?

ದಯವಿಟ್ಟು ಬೇಡ. ಸೂಜಿಮೊನೆಯಷ್ಟು ತೂತಿನಿಂದ 150 ಬಾರ್ ಒತ್ತಡದಲ್ಲಿ ಚಿಮ್ಮುವ ಆಯಿಲ್ ಚರ್ಮ ಸೀಳಿ ಮಾಂಸದೊಳಗೆ ಇಳಿಯುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗುರುತು, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳೋ ಕೈಯೋ ಹೋಗಬಹುದು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಇದೆ, 'ನಾಳೆ ನೋಡೋಣ' ಎನ್ನುವಷ್ಟು ಸಮಯ ಇರುವುದಿಲ್ಲ. ವೈದ್ಯರಿಗೆ 'ಒತ್ತಡದ ಆಯಿಲ್ ಒಳಗೆ ಹೋಗಿದೆ' ಎಂದೇ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಹೋಸ್ ಬಿಚ್ಚುವ ಮೊದಲು ಲಿಫ್ಟ್ ಇಳಿಸಿ, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿಸಿ.

## ಗೇಜ್ ಹಿಡಿದ ಮೇಲೆ

ಪ್ರೆಷರ್ ಗೇಜ್ ಹಾಕಿ ನೋಡುವುದು ಹೇಗೆ? ಮುಳ್ಳು ಏನು ಹೇಳುತ್ತದೆ?

0–250 ಬಾರ್ ಗೇಜ್, ಅದಕ್ಕೆ ತಕ್ಕ ಹೋಸ್, ನಿಮ್ಮ ಟ್ರ್ಯಾಕ್ಟರಿನ ಪರೀಕ್ಷಾ ಬಾಯಿಗೆ ಅಥವಾ ಟ್ರಾಲಿಯ ಕಪ್ಲಿಂಗಿಗೆ ಹೊಂದುವ ಜೋಡಣೆ ಬೇಕು. ಆಯಿಲ್ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬರುವವರೆಗೆ ಯಂತ್ರ ಓಡಿಸಿ. ತಣ್ಣನೆಯ ಆಯಿಲ್ ಸೋರಿಕೆಯನ್ನು ಮರೆಮಾಚುತ್ತದೆ. ಕೈಪಿಡಿ ಹೇಳಿದ ಎಂಜಿನ್ ವೇಗದಲ್ಲಿ ಆಯಿಲನ್ನು ಗೇಜಿನ ಕಡೆ ಬಿಟ್ಟು, ರಿಲೀಫ್ ತೆರೆದ ಸದ್ದು ಬಂದಾಗ ಮುಳ್ಳು ನೋಡಿ, ಕೆಲವೇ ಸೆಕೆಂಡುಗಳಲ್ಲಿ ಲಿವರ್ ಬಿಡಿ. ಹೆಚ್ಚು ಹೊತ್ತು ಹಿಡಿದರೆ ಆಯಿಲ್ ಕಾಯುತ್ತದೆ.

ಕೈಪಿಡಿಯಷ್ಟೇ ಬಂದರೆ ಪಂಪ್ ಮತ್ತು ರಿಲೀಫ್ ವಾಲ್ವ್ ಒತ್ತಡ ಕಟ್ಟುತ್ತಿವೆ. ಟ್ರಾಲಿಯ ಬಾಯಿಯಲ್ಲಿ ಪೂರ್ತಿ ಒತ್ತಡವಿದ್ದೂ ಲಿಫ್ಟ್ ಸೋತರೆ ಸಿಲಿಂಡರಿನ ಕಡೆಗೆ ಹೋಗಿ. ಒತ್ತಡ ಕಡಿಮೆಯಿದ್ದರೆ ಇನ್ನೊಂದು ಕೆಲಸ ಮಾಡಿ: ಎಂಜಿನ್ ವೇಗವನ್ನು ಏರಿಸಿ, ಇಳಿಸಿ. ನಿಧಾನಕ್ಕೂ ಜೋರಿಗೂ ಮುಳ್ಳು ಅದೇ ಕಡಿಮೆ ಅಂಕೆಯಲ್ಲಿ ನಿಂತರೆ ರಿಲೀಫ್ ವಾಲ್ವ್ ಬೇಗ ತೆರೆಯುತ್ತಿದೆ, ಅದರ ಸ್ಪ್ರಿಂಗ್ ಸೋತಿದೆ ಅಥವಾ ಕೂರುವ ಜಾಗದಲ್ಲಿ ಕಸ ಸಿಕ್ಕಿದೆ. ವೇಗದ ಜೊತೆ ಮುಳ್ಳೂ ಏರಿದರೆ ಪಂಪ್ ಸವೆತ ಅಥವಾ ಒಳಸೋರಿಕೆ. ನನ್ನ ಮಟ್ಟಿಗೆ ಇಡೀ ತನಿಖೆಯಲ್ಲಿ ಅತ್ಯಂತ ಬೆಲೆಯುಳ್ಳ ಪರೀಕ್ಷೆ ಇದು. ಇದನ್ನು ಮಾಡದೆ ಯಾರಾದರೂ ಪಂಪಿನ ಬೆಲೆ ಹೇಳಿದರೆ, ಗೇಜ್ ತನ್ನಿ ಎಂದು ಕೇಳುವ ಹಕ್ಕು ನಿಮಗಿದೆ.

ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಹಾಕಿದರೆ ಜೋರು ಬರುತ್ತದಂತೆ, ನಿಜವೇ?

ಒತ್ತಡ ಏರುವುದು ನಿಜ. 75 ಮಿ.ಮೀ. ಸಿಲಿಂಡರಿನ ಪಿಸ್ಟನ್ ಮುಖ ಸುಮಾರು 44 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡದಲ್ಲಿ ಅದರ ಮೇಲೆ 6,600 ಕೆ.ಜಿ. ಬಲ ಬೀಳುತ್ತದೆ, 100ಕ್ಕೆ ಇಳಿದರೆ 4,400. ಅಂದರೆ 750 ಕೆ.ಜಿ. ಎತ್ತಬೇಕಾದದ್ದು 500ಕ್ಕೇ ನಿಲ್ಲುತ್ತದೆ. ಸೋತ ಸ್ಪ್ರಿಂಗನ್ನು ಗೇಜ್ ನೋಡುತ್ತಾ ಕಂಪನಿಯ ಅಂಕೆಗೆ ತರಲು ಶಿಮ್ (ತೆಳು ಬಿಲ್ಲೆ) ಹಾಕುವುದು ಸರಿಯಾದ ರಿಪೇರಿ. ಗೇಜ್ ಇಲ್ಲದೆ ಅಂದಾಜಿನಲ್ಲಿ ವಾಷರ್ ತುರುಕುವುದು ಅಪಾಯ. ಮಿತಿ ಮೀರಿದ ಒತ್ತಡಕ್ಕೆ ಹೋಸ್ ಸಿಡಿಯುತ್ತದೆ, ಲಿಫ್ಟಿನ ಎರಕದ ಮೈ ಸೀಳುತ್ತದೆ, ಪಂಪ್ ಬೇಗ ಸವೆಯುತ್ತದೆ. ದೋಷ ಒಳಸೋರಿಕೆಯಲ್ಲಿದ್ದರೆ ವಾಷರಿನಿಂದ ಏನೂ ಆಗುವುದಿಲ್ಲ.

ಒತ್ತಡ ಸರಿಯಾಗಿದೆ, ಆದರೂ ಏಳಲು ತಡ. ಈಗ ಪಂಪನ್ನು ಅನುಮಾನಿಸಬಹುದೇ?

ಈಗ ಅನುಮಾನಿಸಬಹುದು, ಜಾಳಿಗೆ ಮತ್ತು ಗಾಳಿ ಎರಡನ್ನೂ ನೋಡಿಯಾಗಿದ್ದರೆ. ಮೊಬೈಲಿನ ಗಡಿಯಾರ ಹಿಡಿದು ಲೆಕ್ಕ ಹಾಕಿ. 75 ಮಿ.ಮೀ. ಸಿಲಿಂಡರ್ 12 ಸೆಂ.ಮೀ. ಚಲಿಸಿದರೆ ಸುಮಾರು 530 ಮಿ.ಲೀ. ಆಯಿಲ್ ಬೇಕು. ನಿಮಿಷಕ್ಕೆ 16 ಲೀಟರ್ ಕೊಡುವ ಪಂಪ್ ಅದನ್ನು ಎರಡು ಸೆಕೆಂಡಿನಲ್ಲಿ ತುಂಬಬೇಕು. ನಾಲ್ಕು ಸೆಕೆಂಡು ಹಿಡಿದರೆ ಅರ್ಧ ಆಯಿಲ್ ಮಾತ್ರ ತಲುಪುತ್ತಿದೆ. ಬರಿಯ ತೋಳಿನಲ್ಲೂ ಭಾರದೊಂದಿಗೂ ಎರಡು ಸಲ ಅಳೆಯಿರಿ. ಬರಿಯ ತೋಳು ಸಮಯಕ್ಕೆ ಸರಿಯಾಗಿ ಎದ್ದು ಭಾರಕ್ಕೆ ಮಾತ್ರ ತಡವಾದರೆ, ಒತ್ತಡ ಬಂದಾಗ ಒಳಗೆ ನುಸುಳುತ್ತಿದೆ. ಎರಡಕ್ಕೂ ತಡವಾದರೆ ಹೀರುವ ದಾರಿಯನ್ನು ಇನ್ನೊಮ್ಮೆ ನೋಡಿ. ಕೊನೆಯ ತೀರ್ಪಿಗೆ ಆಯಿಲಿನ ಹರಿವು ಅಳೆಯುವ ಫ್ಲೋ ಮೀಟರ್ ಇರುವ ವರ್ಕ್‌ಶಾಪ್ ಬೇಕು.

ಸ್ಟೀರಿಂಗೂ ಗಟ್ಟಿಯಾಗಿದೆ, ಲಿಫ್ಟೂ ಸೋತಿದೆ. ಎರಡಕ್ಕೂ ಸಂಬಂಧವಿದೆಯೇ?

ಪವರ್ ಸ್ಟೀರಿಂಗ್ ಇರುವ ಯಂತ್ರವಾದರೆ ಎರಡಕ್ಕೂ ಸಮಾನವಾದದ್ದನ್ನು ಹುಡುಕಿ: ಆಯಿಲ್, ಜಾಳಿಗೆ, ಪಂಪ್ ಅಥವಾ ಪಂಪನ್ನು ತಿರುಗಿಸುವ ಜೋಡಣೆ. ಒಂದು ಮಾತ್ರ ಸೋತಿದ್ದರೆ ಆ ಕವಲಿನಲ್ಲೇ ದೋಷ. ಸ್ಟೀರಿಂಗಿಗೆ ಪ್ರತ್ಯೇಕ ಪಂಪೂ ಆಯಿಲೂ ಇರುವ ಮಾದರಿಗಳಿವೆ, ಅಲ್ಲಿ ಈ ತರ್ಕ ನಡೆಯುವುದಿಲ್ಲ.

ಸರ್, ಪಂಪ್ ಹೊಸದು ಹಾಕಿಸಿದೆ. ಒಂದೇ ಹಂಗಾಮಿನಲ್ಲಿ ಮತ್ತೆ ಅದೇ ಗೋಳು.

ಹಳೆಯ ಪಂಪನ್ನು ಕೊಂದದ್ದು ಇನ್ನೂ ಒಳಗೇ ಇದೆ. ತೇಯ್ದ ಲೋಹದ ಪುಡಿ ಗೇರ್‌ಬಾಕ್ಸಿನ ತಳದಲ್ಲಿ, ಪೈಪುಗಳಲ್ಲಿ ಕುಳಿತಿರುತ್ತದೆ. ಹಳೆಯ ಆಯಿಲಿಗೇ ಹೊಸ ಪಂಪ್ ಜೋಡಿಸಿದರೆ ಅದೇ ಪುಡಿ ಅದನ್ನೂ ತಿನ್ನುತ್ತದೆ. ಆಯಿಲ್ ಪೂರ್ತಿ ಇಳಿಸಿ, ತಳ ಒರೆಸಿ, ಪೈಪು ತೊಳೆದು, ಜಾಳಿಗೆ ಸ್ವಚ್ಛಗೊಳಿಸಿ, ಹೊಸ ಫಿಲ್ಟರ್, ಹೀರುಬಾಯಿಗೆ ಹೊಸ ಓ ರಿಂಗ್ ಹಾಕಬೇಕು. ಪಂಪ್ ಜೋಡಿಸುವ ಮೊದಲು ಅದರ ಬಾಯಿಗೆ ಸ್ವಚ್ಛ ಆಯಿಲ್ ಸುರಿದು ಕೈಯಿಂದ ತಿರುಗಿಸಿ. ಒಣ ಪಂಪನ್ನು ಒಮ್ಮೆಲೇ ಜೋರಾಗಿ ಓಡಿಸಿದರೆ ಮೊದಲ ನಿಮಿಷದಲ್ಲೇ ಗೀರು ಬೀಳುತ್ತದೆ. ಎಂಜಿನ್ ನಿಧಾನವಾಗಿ ಓಡಿಸಿ, ಲಿಫ್ಟನ್ನು ಹಲವು ಸಲ ಏರಿಸಿ ಇಳಿಸಿ ಗಾಳಿ ಹೋಗಲು ಬಿಡಿ, ಮಟ್ಟ ಮತ್ತೆ ನೋಡಿ.

ನಮ್ಮದು ಕಾರವಾರದ ಕಡಲ ಬದಿ. ಟ್ರಾಲಿ ಸಿಲಿಂಡರಿನ ಸೀಲ್ ಎಷ್ಟು ಸಲ ಬದಲಿಸಿದರೂ ನಿಲ್ಲುವುದಿಲ್ಲ.

ಸೀಲನ್ನು ಬಿಟ್ಟು ರಾಡ್ ನೋಡಿ. ಉಪ್ಪುಗಾಳಿಗೆ ರಾಡಿನ ಕ್ರೋಮ್ ಲೇಪದಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಅವುಗಳ ಅಂಚು ಪ್ರತಿ ಏರಿಳಿತದಲ್ಲೂ ಹೊಸ ಸೀಲಿನ ತುಟಿಯನ್ನು ಕತ್ತರಿಸುತ್ತದೆ. ಉಗುರಿನಿಂದ ಸವರಿದಾಗ ತಡೆದರೆ ಆ ರಾಡಿಗೆ ಮತ್ತೆ ಕ್ರೋಮ್ ಹಾಕಿಸಬೇಕು ಅಥವಾ ರಾಡನ್ನೇ ಬದಲಿಸಬೇಕು; ಸೀಲಿಗೆ ಸುರಿದ ಹಣ ವ್ಯರ್ಥ. ಕೆಲಸವಿಲ್ಲದಾಗ ಸಿಲಿಂಡರನ್ನು ಪೂರ್ತಿ ಒಳಗೆಳೆದು ಇಡಿ, ಹೊರಗುಳಿದ ಭಾಗಕ್ಕೆ ಗ್ರೀಸ್ ಸವರಿ. ಅಘನಾಶಿನಿಯ ಗಜನಿ ಅಂಚಿನಂಥ ಉಪ್ಪುನೀರಿನ ಗದ್ದೆಗೆ ಇಳಿದು ಬಂದ ದಿನ ಸಿಹಿನೀರಿನಿಂದ ತೊಳೆಯದೆ ಒಳಗೆ ನಿಲ್ಲಿಸಬೇಡಿ. ಕಪ್ಲಿಂಗಿಗೆ ಮುಚ್ಚಳವಿಲ್ಲದಿದ್ದರೆ ಅದನ್ನು ಕೊಂಡು ಹಾಕಿ. ಟ್ರಾಲಿ ಜೋಡಿಸುವಾಗ ಕಪ್ಲಿಂಗಿನ ಬಾಯಿಯಲ್ಲಿದ್ದ ಮರಳು ನೇರವಾಗಿ ಆಯಿಲಿಗೇ ಹೋಗುತ್ತದೆ.